ಗೋಕುಲ ಬಿಟ್ಟ ಹುಡುಗನ ಹಾಡು

ವಾಡಿ ಜಂಕ್ಷನ್ನಿನಲ್ಲಿ ಮುಂಬಯಿಗೋ ಹೈದರಾಬಾದಿಗೋ ಹೋಗುವ ರೈಲಿಗಾಗಿ ಕಾದು ಕುಳಿತ ಹುಡುಗರು ಕಣ್ಣಿಗೆ ಬೀಳದ ದಿನವಿಲ್ಲ. ಗುಂಡಗುರ್ತಿ, ಸೇಡಂ, ಚಿಂಚೋಳಿ ಸುತ್ತಲಿನ ತೊಗರಿ ಹೊಲಗಳಿಂದ ಬಂದವರು. ಪಕ್ಕದಲ್ಲೊಂದು ಚೀಲ, ಅದರಲ್ಲಿ ರೊಟ್ಟಿಯ ಗಂಟು. ಹೀಗೆ ಹೊರಟವರ ಲೆಕ್ಕವನ್ನು ನಾವು ಸಂಬಳದಲ್ಲಿ ಹಿಡಿಯುತ್ತೇವೆ. ಊರು ಬಿಟ್ಟ ಹುಡುಗ ಆಮೇಲೆ ಯಾರಾಗುತ್ತಾನೆ ಎಂಬ ಪ್ರಶ್ನೆಗೆ ಆ ಲೆಕ್ಕದಲ್ಲಿ ಜಾಗವಿಲ್ಲ. ಅದನ್ನು ಕೇಳಿರುವುದು ಸಂಗೀತ.

ಇಂಗ್ಲೆಂಡಿನ 'ದ ಹೂ' ತಂಡ 1973ರಲ್ಲಿ ಹೊರತಂದ 'ಕ್ವಾಡ್ರೊಫೀನಿಯಾ' ಅಂಥದೊಂದು ರಾಕ್ ಆಪೆರಾ. ಪೀಟ್ ಟೌನ್ಸೆಂಡ್ ಬರೆದ ಈ ಕಥೆಯ ನಾಯಕ ಜಿಮ್ಮಿ, 1960ರ ದಶಕದ ಲಂಡನ್ನಿನ 'ಮಾಡ್' ಹುಡುಗ. ಉಡುಪು, ಸ್ಕೂಟರು, ಗೆಳೆಯರ ಗುಂಪು ಇವುಗಳ ಮೂಲಕವೇ ತಾನು ಯಾರೆಂದು ತೋರಿಸಿಕೊಳ್ಳಲು ಹೆಣಗುವವನು. ಅವನೊಳಗೆ ನಾಲ್ಕು ವ್ಯಕ್ತಿತ್ವಗಳು; ತಂಡದ ನಾಲ್ವರು ಕಲಾವಿದರಿಗೆ ಹೊಂದಿಸಿದ ನಾಲ್ಕು ಸ್ವರವಿನ್ಯಾಸಗಳು. ತಾನು ಆರಾಧಿಸಿದ ಗುಂಪಿನ ನಾಯಕ ಬ್ರೈಟನ್ನಿನ ಹೋಟೆಲೊಂದರಲ್ಲಿ ಅತಿಥಿಗಳ ಪೆಟ್ಟಿಗೆ ಹೊರುವುದನ್ನು ಕಂಡಾಗ ಜಿಮ್ಮಿಯ ಜಗತ್ತು ಕುಸಿಯುತ್ತದೆ. ಕೊನೆಗೆ ಅವನು ಕಡಲ ನಡುವಿನ ಬಂಡೆಯೊಂದರ ಮೇಲೆ ಒಬ್ಬಂಟಿ.

ಕನ್ನಡದಲ್ಲಿ ಇದಕ್ಕೆ ಹತ್ತಿರದ ಕೃತಿಯನ್ನು ಹುಡುಕಿದರೆ ನನಗೆ ನೆನಪಾಗುವುದು ಮೇಲುಕೋಟೆಯ ಪು.ತಿ. ನರಸಿಂಹಾಚಾರ್ ಅವರ ಗೀತನಾಟಕ 'ಗೋಕುಲ ನಿರ್ಗಮನ'. ಗಿಟಾರಿಗೂ ಕೊಳಲಿಗೂ ಎಲ್ಲಿಯ ನಂಟು ಎಂದು ಕೆಲವರು ನಗಬಹುದು. ಆದರೆ ಇಲ್ಲಿಯೂ ಹಾಡೇ ಕಥೆಯನ್ನು ನಡೆಸುತ್ತದೆ, ಇಲ್ಲಿಯೂ ಒಬ್ಬ ಹುಡುಗನ ಗುರುತೇ ಪಣಕ್ಕೆ ಬಿದ್ದಿದೆ. ಅಕ್ರೂರ ರಥ ತರುತ್ತಾನೆ. ಅದುವರೆಗೆ ದನ ಕಾಯುತ್ತಿದ್ದವನು ವಸುದೇವನ ಮಗ, ಮಥುರೆಗೆ ಸೇರಬೇಕಾದವನು. ಜಿಮ್ಮಿಗೆ ತಾನು ಯಾರೆಂದು ಯಾರೂ ಹೇಳಲಿಲ್ಲ. ಕೃಷ್ಣನಿಗಾದರೋ ಲೋಕವೇ ಹೇಳಿಬಿಟ್ಟಿತು. ಎರಡರಲ್ಲಿ ಯಾವುದು ಹೆಚ್ಚು ನಿಷ್ಠುರ ಎಂದು ತೀರ್ಮಾನಿಸುವುದು ಸುಲಭವಲ್ಲ. ಮಥುರೆಗೆ ಹೋದ ಕೃಷ್ಣನ ಕೈಯಲ್ಲಿ ನಮ್ಮ ಕಲ್ಪನೆ ಕೊಳಲನ್ನು ಇಡುವುದೇ ಅಪರೂಪ. ಅಲ್ಲಿಂದಾಚೆಗೆ ಅವನದು ಚಕ್ರ, ಶಂಖ. ಭಾಗವತವನ್ನು ಭಕ್ತಿಯಿಂದ ಓದುವ ನಾವು ಈ ನಷ್ಟವನ್ನು ನಷ್ಟವೆಂದು ಗಮನಿಸುವುದಿಲ್ಲ. ಪುತಿನ ಗಮನಿಸಿದರು.

ಈ ನಾಟಕವನ್ನು ರಂಗಕ್ಕೆ ತಂದವರು ಬಿ.ವಿ. ಕಾರಂತ. ಬಂಟ್ವಾಳ ತಾಲ್ಲೂಕಿನ ಮಂಚಿಯಲ್ಲಿ 1929ರಲ್ಲಿ ಹುಟ್ಟಿದ ಅವರು ಹುಡುಗನಾಗಿದ್ದಾಗಲೇ ಮನೆಬಿಟ್ಟು ಓಡಿಹೋಗಿ ಗುಬ್ಬಿ ಕಂಪನಿ ಸೇರಿದವರು. ವೈದೇಹಿ ನಿರೂಪಿಸಿದ ಅವರ ಆತ್ಮಕಥನದ ಹೆಸರೇ 'ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ'. ಗೋಕುಲದ ಹಾಡುಗಳು ಇಂಥವರ ಕೈಗೆ ಸಿಕ್ಕಿದ್ದು ಕೇವಲ ಆಕಸ್ಮಿಕವೆಂದು ನನಗೆ ಅನ್ನಿಸುವುದಿಲ್ಲ.

ಪುತಿನ ಅವರ ಭಾಷೆ ಹಳೆಯದು, ಹುಡುಗರಿಗೆ ಹಿಡಿಸದು ಎಂಬ ಆಕ್ಷೇಪವಿದೆ. ಆದರೆ ರಾತ್ರಿಯಿಡೀ ಬಯಲಾಟ ಕೇಳಿ ಬೆಳೆದ ಕಲಬುರಗಿ ಸೀಮೆಯ ಕಿವಿಗೆ ಹಾಡಿನಲ್ಲಿ ಕಥೆ ಕೇಳುವುದು ಹೊಸತೇನಲ್ಲ. ಚಿತ್ತಾಪುರದಲ್ಲೋ ಶಹಾಬಾದಿನಲ್ಲೋ ಕಾಲೇಜು ಹುಡುಗರು ಇದನ್ನೊಮ್ಮೆ ಆಡಲಿ. ಅಕ್ರೂರನ ರಥವನ್ನು ಗೋಪಿಯರು ಅಡ್ಡಗಟ್ಟುವಾಗ, ಮಗನನ್ನು ರೈಲು ಹತ್ತಿಸಿ ಬಂದ ತಾಯಂದಿರು ಮುಂದಿನ ಸಾಲಿನಲ್ಲಿ ಕುಳಿತಿರಲಿ.