ಮಾಯದ ಹುಣ್ಣಿಗೆ ಕೆಂಬೆಳಕು

ಹುಣ್ಣು ‘ಮಾಯಿತು’ ಎನ್ನುತ್ತೇವೆಯೇ ಹೊರತು ಮಾಯಿಸಿದವರು ಯಾರೆಂದು ಹೇಳುವುದು ಅಪರೂಪ. ವೈದ್ಯನು ಮದ್ದು ಹಚ್ಚಿಯಾನು, ಪಟ್ಟಿ ಕಟ್ಟಿಯಾನು. ಮಾಯುವ ಕೆಲಸ ದೇಹದ್ದೇ. ಮಧುಮೇಹಿಯ ಪಾದದಲ್ಲಿ ದೇಹವು ಈ ಕೆಲಸವನ್ನೇ ಮರೆತಂತೆ ತೋರುತ್ತದೆ. ಬಹುಕಾಲ ರಕ್ತದಲ್ಲಿ ಸಕ್ಕರೆ ಏರಿ ನಿಂತರೆ ನರಗಳು ಜಡವಾಗುತ್ತವೆ. ಮುಳ್ಳು ಚುಚ್ಚಿದರೂ, ಚಪ್ಪಲಿಯ ಮೊಳೆ ಒತ್ತಿದರೂ ಅರಿವಾಗದು. ರಕ್ತನಾಳಗಳೂ ಕಿರಿದಾಗುತ್ತವೆ. ನೋವಿಲ್ಲದ ಹುಣ್ಣಿನ ಮೇಲೆಯೇ ಮನುಷ್ಯ ನಡೆಯುತ್ತಾನೆ. ಅದಕ್ಕೆ ಸೋಂಕು ತಗುಲಿ ಮೂಳೆಗೆ ಇಳಿಯಿತೆಂದರೆ, ಕೊಯ್ಯಬೇಕಾದುದು ಬೆರಳೋ, ಪಾದವೋ, ಮೊಣಕಾಲಿನ ಕೆಳಭಾಗವೋ ಎಂಬ ಪ್ರಶ್ನೆಯೂ ಹಲವೊಮ್ಮೆ ಏಳುತ್ತದೆ.

ಇಂಥ ಹುಣ್ಣಿಗೆ ಲೇಸರ್ ಬೆಳಕು ಹಾಯಿಸುವ ಚಿಕಿತ್ಸೆಯೊಂದಿದೆ. ಲೇಸರ್ ಎಂದೊಡನೆ ಉಕ್ಕನ್ನು ಕತ್ತರಿಸುವ ಕಿರಣ ನೆನಪಾಗುತ್ತದೆ. ಇದು ಆ ಕುಲದ್ದಾದರೂ ಆ ಸ್ವಭಾವದ್ದಲ್ಲ, ಸುಡದು, ಕೊಯ್ಯದು. ಇದರ ಹುಟ್ಟಿನ ಕಥೆ ಸ್ವಾರಸ್ಯವಾಗಿದೆ. ಅಮೆರಿಕದ ಥಿಯೊಡೋರ್ ಮೈಮನ್ ಅವರು 1960ರಲ್ಲಿ ಮಾಣಿಕ್ಯದ ಹರಳಿನಿಂದ ಮೊದಲ ಲೇಸರನ್ನು ಬೆಳಗಿಸಿದರು. 1967ರ ಸುಮಾರಿಗೆ ಬುಡಾಪೆಸ್ಟ್ ನಗರದ ಶಸ್ತ್ರವೈದ್ಯ ಎಂಡ್ರೆ ಮೆಸ್ಟರ್ ಅವರು, ಈ ಬೆಳಕಿನಿಂದ ಕ್ಯಾನ್ಸರ್ ಹುಟ್ಟೀತೇ ಎಂದು ತಿಳಿಯಲು, ಇಲಿಗಳ ಬೆನ್ನು ಬೋಳಿಸಿ ಅದರ ಮೇಲೆ ಹಾಯಿಸಿ ನೋಡಿದರು. ಕ್ಯಾನ್ಸರ್ ಹುಟ್ಟಲಿಲ್ಲ, ಬೆಳಕು ಬಿದ್ದ ಇಲಿಗಳಿಗೆ ಕೂದಲು ಬೇಗ ಬೆಳೆಯಿತು! ಕೇಡನ್ನು ಅರಸಿ ಹೊರಟವರಿಗೆ ಒಳಿತು ಎದುರಾಯಿತು. ಮುಂದೆ ಅವರು ಮಾಯದ ಹುಣ್ಣುಗಳ ಕಡೆಗೆ ತಿರುಗಿದರು. ಕೆಂಪು ಬೆಳಕನ್ನು ಜೀವಕೋಶದೊಳಗಿನ ಮೈಟೊಕಾಂಡ್ರಿಯ ಹೀರಿಕೊಂಡು ಹೆಚ್ಚು ಶಕ್ತಿಯನ್ನು ತಯಾರಿಸುತ್ತದೆಂಬುದು ಇದಕ್ಕೆ ವಿಜ್ಞಾನಿಗಳು ಕೊಡುವ ವಿವರಣೆ.

ನಮ್ಮ ಬೆಳಗಾವಿಯಲ್ಲೇ ಇದರ ಪರೀಕ್ಷೆ ನಡೆದಿದೆಯೆಂಬುದು ಹಲವರಿಗೆ ತಿಳಿದಿರಲಾರದು. ಅಲ್ಲಿನ ಶಸ್ತ್ರವೈದ್ಯರು 2012ರಲ್ಲಿ ಪ್ರಕಟಿಸಿದ ವರದಿಯಂತೆ, 68 ಮಂದಿ ಮಧುಮೇಹಿಗಳನ್ನು 34ರಂತೆ ಎರಡು ಪಾಲು ಮಾಡಿ, ಒಂದು ಪಾಲಿಗೆ ವಾಡಿಕೆಯ ಚಿಕಿತ್ಸೆಯ ಜೊತೆಗೆ ಬೆಳಕನ್ನೂ ಕೊಟ್ಟರು. 15 ದಿನಗಳಲ್ಲಿ ಬೆಳಕು ಪಡೆದವರ ಹುಣ್ಣಿನ ವಿಸ್ತಾರ ಸರಾಸರಿ ಶೇಕಡ 40ರಷ್ಟು ಕುಗ್ಗಿತು. ಉಳಿದವರದು ಶೇಕಡ 12ರಷ್ಟು.

ಸಹೋದ್ಯೋಗಿಯೊಬ್ಬರು ಈಚೆಗೆ ಒಂದು ಕರಪತ್ರ ತಂದು ನನಗೆ ತೋರಿಸಿದರು. ಕೀವುಗಟ್ಟಿದ ಹುಣ್ಣೂ ಕತ್ತಿಯಿಲ್ಲದೆ, ಮಾತ್ರೆಯಿಲ್ಲದೆ ಬೆಳಕಿನಿಂದಲೇ ಮಾಯುವುದೆಂದು ಅದರಲ್ಲಿತ್ತು. ಅವರ ಅಣ್ಣನ ಕಾಲಿನಲ್ಲಿ ಅಂಥದೇ ಹುಣ್ಣು. ನಾನು ವೈದ್ಯನಲ್ಲ, ಆದರೆ ಒಂದು ಪಠ್ಯವನ್ನು ಎಚ್ಚರದಿಂದ ಓದುವುದೇ ನನ್ನ ವೃತ್ತಿ. ಬೆಳಗಾವಿಯ ವರದಿಯಲ್ಲಿ ಒಂದು ಷರತ್ತಿದೆ: ಪರೀಕ್ಷೆಗೆ ಆರಿಸಿಕೊಂಡದ್ದು ಮೇಲ್ಪದರದ ಹುಣ್ಣುಗಳನ್ನು, ಅದರಲ್ಲೂ ರೋಗಾಣು ಬೆಳೆಯದವನ್ನು ಮಾತ್ರ. ಸೋಂಕಿನ ಹುಣ್ಣುಗಳನ್ನು ಆ ವೈದ್ಯರೇ ಹೊರಗಿಟ್ಟಿದ್ದರು. ಕರಪತ್ರದವರು ಷರತ್ತನ್ನು ಬಿಟ್ಟು ಫಲವನ್ನಷ್ಟೇ ಎತ್ತಿಕೊಂಡಿದ್ದರು. ಇದನ್ನು ತೋರಿಸಿ, ಅಣ್ಣನನ್ನು ಆ ದಿನವೇ ಆಸ್ಪತ್ರೆಗೆ ಕರೆದೊಯ್ಯಿರೆಂದೆ.

ಮೆಲು ಬೆಳಕೊಂದೇ ಸೋಂಕನ್ನು ಅಳಿಸುವುದೆಂದು ನಂಬುವಂತಿಲ್ಲ. ಬಣ್ಣದ ನೆರವು ದೊರೆತರೆ ಮಾತು ಬೇರೆ. ಮ್ಯೂನಿಚ್ ನಗರದ ಆಸ್ಕರ್ ರಾಬ್ ಎಂಬ ವಿದ್ಯಾರ್ಥಿ, ಕೆಲವು ಬಣ್ಣಗಳು ಬೆಳಕಿನಲ್ಲಿ ಸೂಕ್ಷ್ಮಜೀವಿಗಳನ್ನು ಕೊಲ್ಲುವುದನ್ನು 1900ರಲ್ಲೇ ವರದಿಮಾಡಿದ್ದನು. ಈ ತತ್ತ್ವವನ್ನು ಬ್ರೆಜಿಲಿನ ವೈದ್ಯರು ಸೋಂಕು ತಗುಲಿದ ಮಧುಮೇಹಿ ಪಾದಗಳ ಮೇಲೆ ಪ್ರಯೋಗಿಸಿ 2014ರಲ್ಲಿ ಆಶಾದಾಯಕ ಫಲವನ್ನು ಪ್ರಕಟಿಸಿದರು. ರೋಗಿಗಳು ಕೆಲವರೇ, ಅದನ್ನೇ ನೆಚ್ಚಿ ಕಾಲನ್ನು ಪಣಕ್ಕೊಡ್ಡಲಾಗದು. 2023ರ ಅಂತರರಾಷ್ಟ್ರೀಯ ಮಾರ್ಗಸೂಚಿಯೂ ಇಂಥ ಭೌತಿಕ ಚಿಕಿತ್ಸೆಗಳನ್ನು ಹುಣ್ಣಿಗೆ ಬಳಸಬೇಕೆಂದು ಹೇಳಲಿಲ್ಲ.

ಕೊಳೆತ ಭಾಗವನ್ನು ಕೆರೆದು ತೆಗೆಯುವುದು, ಪ್ರತಿಜೀವಕ ಔಷಧ, ರಕ್ತ ಹರಿಯುವ ದಾರಿಯನ್ನು ತೆರೆಯುವುದು, ಸಕ್ಕರೆಯ ಹತೋಟಿ—ಇವು ಮೊದಲು. ಹುಣ್ಣಿನ ಮೇಲಿನ ಭಾರವನ್ನೂ ಮೊದಲಿನಿಂದಲೇ ಇಳಿಸಬೇಕು. ಇದಕ್ಕಾಗಿ, ಸೋಂಕು ಅಡಗಿದ ಬಳಿಕ, ಕಾಲಿಗೆ ಅಂಟಿಕೊಂಡಂತೆ ಪ್ಲಾಸ್ಟರ್ ಹಾಕುವ ವಿಧಾನದ ಮೂಲ ನಮ್ಮ ನೆರೆಯಲ್ಲೇ ಇದೆ. ಕುಷ್ಠರೋಗಿಗಳ ಜಡ ಪಾದಗಳಿಗಾಗಿ 1930ರ ದಶಕದಲ್ಲಿ ಮದರಾಸಿನ ಕಡೆ ಅದು ಬಳಕೆಗೆ ಬಂತು. ವೆಲ್ಲೂರಿನಲ್ಲಿ ಪಾಲ್ ಬ್ರಾಂಡ್ ಅವರು ಅದನ್ನು ಬೆಳೆಸಿ, 1960ರ ದಶಕದಲ್ಲಿ ಅಮೆರಿಕದ ಕಾರ್‌ವಿಲ್‌ಗೆ ಹೋದಾಗ ಅಲ್ಲಿಗೂ ಒಯ್ದರು. ಮಧುಮೇಹಿಗಳಿಗೂ ಅದು ನೆರವಾಯಿತು. ನರ ಸತ್ತಿದ್ದರೂ ರಕ್ತ ಚೆನ್ನಾಗಿ ಹರಿಯುವ ಪಾದದಲ್ಲಿ, ಆ ಪ್ಲಾಸ್ಟರಿನೊಳಗೆ, ಹುಣ್ಣು ಬಹುಮಟ್ಟಿಗೆ ಕೆಲವು ವಾರಗಳಲ್ಲಿ ಮಾಯುತ್ತದೆ.