ತಟ್ಟೆಯ ಮಾಂಸವೂ ಒಣನಾಡಿನ ನೀರೂ

ಮಾಂಸಾಹಾರದ ಪ್ರಶ್ನೆಯನ್ನು ನಮ್ಮ ಹಿರಿಯರು ಬಹುಕಾಲದಿಂದ ಕುಲಾಚಾರದ ಪ್ರಶ್ನೆಯಾಗಿಯೇ ಪರಿಗಣಿಸುತ್ತ ಬಂದಿದ್ದಾರೆ. ಸೇಲಂ, ಧರ್ಮಪುರಿ ಜಿಲ್ಲೆಗಳಲ್ಲಿ ನೆಲೆಸಿರುವ ಕನ್ನಡ ಮನೆತನಗಳಲ್ಲಿ ಮಾಂಸವನ್ನು ಮುಟ್ಟದವರೂ ಇದ್ದಾರೆ. ಹಬ್ಬಹುಣ್ಣಿಮೆಗಳಲ್ಲಿ ಕುರಿ ಕೋಳಿಯ ಅಡುಗೆ ಮಾಡುವವರೂ ಇದ್ದಾರೆ. ಯಾರ ಆಚಾರ ಮೇಲು, ಯಾರದು ಕೀಳು ಎಂಬ ವಾದಕ್ಕೆ ನಾವಿಲ್ಲಿ ಕೈಹಾಕುವುದಿಲ್ಲ. ನಾವು ಕೇಳಬಯಸುವ ಪ್ರಶ್ನೆಯೇ ಬೇರೆ. ನಾವು ತಿನ್ನುವ ಮಾಂಸಕ್ಕಾಗಿ ನಮ್ಮ ನೆಲ, ನೀರು, ಗಾಳಿಗಳು ತೆರುತ್ತಿರುವ ಬೆಲೆ ಎಷ್ಟು?

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು 2013ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ಮಾನವನ ಚಟುವಟಿಕೆಗಳಿಂದ ಹೊರಬೀಳುವ ಹಸಿರುಮನೆ ಅನಿಲಗಳಲ್ಲಿ ಶೇಕಡಾ 14.5ರಷ್ಟು ಪಾಲು ಪಶುಸಂಗೋಪನೆಯದು. ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯಲ್ಲಿ ಮೇವು ಕೊಳೆಯುವಾಗ ಮೀಥೇನ್ ಅನಿಲ ಹುಟ್ಟುತ್ತದೆ. ನೂರು ವರ್ಷಗಳ ಲೆಕ್ಕದಲ್ಲಿ ಅದರ ತಾಪಶಕ್ತಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು. ನೀರಿನ ಲೆಕ್ಕವೂ ಚಿಕ್ಕದಲ್ಲ. ಮೆಕೊನೆನ್ ಮತ್ತು ಹೂಕ್‌ಸ್ಟ್ರಾ ಎಂಬ ವಿಜ್ಞಾನಿಗಳು ಕಂಡುಕೊಂಡ ಜಾಗತಿಕ ಸರಾಸರಿಯಂತೆ, ಒಂದು ಕಿಲೋ ದನದ ಮಾಂಸಕ್ಕೆ ಸುಮಾರು 15,400 ಲೀಟರ್, ಕೋಳಿಮಾಂಸಕ್ಕೆ 4,300 ಲೀಟರ್, ಧಾನ್ಯಕ್ಕೆ 1,600 ಲೀಟರ್ ನೀರು ಬೇಕು.

ಆದರೆ ಜಗತ್ತಿನ ಸರಾಸರಿಯನ್ನು ನಮ್ಮ ಊರಿಗೆ ಹಾಗೆಯೇ ಅನ್ವಯಿಸಲಾಗದು. ಆ ನೀರಿನಲ್ಲಿ ಬಹುಭಾಗ ಮೇವಿನ ಮೇಲೆ ಬಿದ್ದ ಮಳೆಯ ನೀರು. ಮೆಟ್ಟೂರಿನ ಸಮೀಪದ ಮೇಚೇರಿಯ ಹೆಸರು ಹೊತ್ತ ಕುರಿತಳಿಯನ್ನು ನೋಡಿ. ಉಣ್ಣೆಯಿಲ್ಲದ ಈ ಕಂದು ಕುರಿಯನ್ನು ಮಾಂಸಕ್ಕೂ ಚರ್ಮಕ್ಕೂ ಸಾಕುತ್ತಾರೆ. ಇದಕ್ಕಾಗಿ 1978ರಲ್ಲಿ ಪೊಟ್ಟನೇರಿಯಲ್ಲಿ ಸಂಶೋಧನಾ ಕೇಂದ್ರವೂ ಸ್ಥಾಪಿತವಾಯಿತು. ಉಳುಮೆಗೆ ಒಗ್ಗದ ಕಲ್ಲುನೆಲದ ಹುಲ್ಲನ್ನು, ಜಾಲಿಯ ಕಾಯನ್ನು ತಿಂದು ಬೆಳೆಯುವ ಕುರಿಯು ಮನುಷ್ಯನ ಧಾನ್ಯಕ್ಕೆ ಪೈಪೋಟಿ ನೀಡುವುದಿಲ್ಲ. ಹೊಲದಲ್ಲಿ ಮಂದೆ ನಿಂತರೆ ಗೊಬ್ಬರವೂ ಲಭಿಸುತ್ತದೆ. ಮೀಥೇನ್ ಬಿಡುವುದು ನಿಜ. ಮೇವಿಗೆ ಮೀರಿ ಮಂದೆ ಬೆಳೆದರೆ ಗುಡ್ಡಗಳು ಬೋಳಾಗುವುದೂ ನಿಜ.

ಕೋಳಿಯ ಕಥೆ ಇದಕ್ಕೆ ವಿರುದ್ಧವಾದುದು. ಅದು ಮೆಲುಕು ಹಾಕುವ ಪ್ರಾಣಿಯಲ್ಲವಾದ್ದರಿಂದ ಅನಿಲದ ಭಾರ ಕಡಿಮೆ. ಆದರೆ ಫಾರಂ ಕೋಳಿ ತಿನ್ನುವುದು ಹೊಲದಲ್ಲಿ ಬೆಳೆದ ಮೆಕ್ಕೆಜೋಳ ಮತ್ತು ಸೋಯಾ ಹಿಂಡಿಯನ್ನು. ಸುಮಾರು ಆರು ವಾರಗಳಲ್ಲಿ ಎರಡು ಕಿಲೋ ತೂಗುವ ಬ್ರಾಯ್ಲರ್ ಕೋಳಿಗೆ ಮೂರು ಮೂರೂವರೆ ಕಿಲೋ ಆಹಾರ ಬೇಕು. 1997ರವರೆಗೆ ಸೇಲಂ ಜಿಲ್ಲೆಗೇ ಸೇರಿದ್ದ ನಾಮಕ್ಕಲ್ ಇಂದು ದೇಶಕ್ಕೆಲ್ಲ ಮೊಟ್ಟೆಯ ಊರು. ಅಲ್ಲಿನ ಕೋಳಿಗಳಿಗೆ ಮೆಕ್ಕೆಜೋಳ ಹೋಗುವುದು ಕರ್ನಾಟಕ, ಆಂಧ್ರ, ಬಿಹಾರಗಳಿಂದ. ಗಡಿಯಾಚೆಯ ನಮ್ಮ ತಾಯ್ನಾಡಿನ ಹೊಲವೂ ಹೀಗೆ ಈ ತಟ್ಟೆಗೆ ಬಂದು ಸೇರುತ್ತದೆ.

ಇನ್ನು ಉಳಿದದ್ದು ಹಿಕ್ಕೆ ಮತ್ತು ತ್ಯಾಜ್ಯದ ಮಾತು. ಹಿತಮಿತವಾಗಿ ಹೊಲಕ್ಕೆ ಹಾಕಿದರೆ ಕೋಳಿಗೊಬ್ಬರ ಭೂಮಿಗೆ ಅನ್ನ. ರಾಶಿಯಾಗಿ ಬಿದ್ದು ಮಳೆಯಲ್ಲಿ ತೋಯ್ದರೆ ಅದರ ನೈಟ್ರೇಟು ಬಾವಿಗೆ ಇಳಿಯುತ್ತದೆ. ಧರ್ಮಪುರಿಯ ಅಂತರ್ಜಲದಲ್ಲಿ ಮೊದಲೇ ಫ್ಲೋರೈಡ್ ಹೆಚ್ಚು. ಅದರಿಂದ ಜನರನ್ನು ಪಾರುಮಾಡಲೆಂದೇ ಹೊಗೇನಕಲ್ಲಿನ ಕಾವೇರಿ ನೀರನ್ನು ಮನೆಗಳಿಗೆ ಮುಟ್ಟಿಸುವ ಯೋಜನೆ 2013ರಲ್ಲಿ ಲೋಕಾರ್ಪಣೆಗೊಂಡಿತು. ಇಂಥ ನಾಡಿನಲ್ಲಿ ಇನ್ನೊಂದು ಬಾವಿ ಕೆಟ್ಟರೆ ಅದಕ್ಕೆ ಬದಲಿ ಸುಲಭವಲ್ಲ. ಔಷಧಗಳ ವಿಷಯವೂ ಇದೆ. ಮನುಷ್ಯರಿಗೆ ಕೊನೆಯ ಆಸರೆಯಾದ ಕೊಲಿಸ್ಟಿನ್ ಎಂಬ ಜೀವಿರೋಧಕವನ್ನು ಕೋಳಿಯ ಬೆಳವಣಿಗೆಗಾಗಿ ಬಳಸುವುದನ್ನು ಕೇಂದ್ರ ಸರ್ಕಾರ 2019ರಲ್ಲಿ ನಿಷೇಧಿಸಬೇಕಾಯಿತು.

ಮಾಂಸದ ಜೊತೆಗೆ ಚರ್ಮವೂ ಬರುತ್ತದೆ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಪಾಲಾರ್ ನದಿಯು ಚರ್ಮ ಹದಮಾಡುವ ಕಾರ್ಖಾನೆಗಳಿಂದ ಕೆಟ್ಟುದರ ವಿಷಯದಲ್ಲಿ ಸುಪ್ರೀಂ ಕೋರ್ಟು 1996ರಲ್ಲಿ ತೀರ್ಪಿತ್ತು, ಕೆಡಿಸಿದವನೇ ಪರಿಹಾರ ತೆರಬೇಕೆಂಬ ತತ್ತ್ವವನ್ನು ಎತ್ತಿಹಿಡಿಯಿತು.

ಇಷ್ಟನ್ನು ಓದಿದ ಶಾಕಾಹಾರಿ ಬಂಧುಗಳು ನಿಶ್ಚಿಂತರಾಗುವಂತಿಲ್ಲ. ಹಾಲು, ಮೊಸರು, ತುಪ್ಪಗಳೂ ಮೆಲುಕು ಹಾಕುವ ಪ್ರಾಣಿಯಿಂದಲೇ ಬಂದವು; ನೀರು ನಿಲ್ಲಿಸಿ ಬೆಳೆದ ಭತ್ತದ ಗದ್ದೆಯೂ ಮೀಥೇನನ್ನು ಬಿಡುತ್ತದೆ. ಹೊಣೆ ಎಲ್ಲರದು, ಪ್ರಮಾಣ ಮಾತ್ರ ಬೇರೆ.

ತೊಡಕಿರುವುದು ತಿಳಿವಳಿಕೆಯಲ್ಲಿ. ಹಿಂದೆ ಮನೆಯ ಹಿತ್ತಿಲಲ್ಲಿ ಕೆದಕಿ ತಿನ್ನುತ್ತಿದ್ದ ಕೋಳಿಯ ಮೇವು ಏನೆಂದು ಮಕ್ಕಳಿಗೂ ಗೊತ್ತಿತ್ತು. ಈಗ ಅಂಗಡಿಯಲ್ಲಿ ತೂಗಿ ಕೊಡುವ ಮಾಂಸದ ಹಿಂದಿನ ಹೊಲ, ಬಾವಿ, ಔಷಧಗಳು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಹಬ್ಬಕ್ಕೆಂದು ಇದ್ದ ಅಡುಗೆ ವಾರವಾರದ ಅಡುಗೆಯಾದದ್ದೂ ಹೀಗೆ ಅರಿವಿಗೆ ಬಾರದೆಯೇ.

ಆದ್ದರಿಂದ ಗೃಹಿಣಿಯರಲ್ಲೂ ಗೃಹಸ್ಥರಲ್ಲೂ ನಮ್ಮ ಬಿನ್ನಹವಿಷ್ಟೆ. ತಿನ್ನುವವರು ಮಿತವಾಗಿ ತಿನ್ನಲಿ. ಎಲ್ಲಿ, ಏನು ತಿಂದು ಬೆಳೆದುದೆಂದು ಕೇಳಿ ಕೊಳ್ಳಲಿ. ಒಣಹೊಲದ ರಾಗಿ, ಹುರುಳಿ, ಅವರೆಗಳು ಅಡುಗೆಮನೆಗೆ ಮತ್ತೆ ಬರಲಿ. ಮುದ್ದೆ ಮತ್ತು ಹುರುಳಿ ಸಾರಿನ ಊಟ ಬಡತನದ ಗುರುತಲ್ಲ. ಊರಿನ ಕೆರೆಯಂಚಿನಲ್ಲಿ ಕೋಳಿಯಂಗಡಿಯ ಪುಕ್ಕ, ಕರುಳುಗಳು ಬಿದ್ದಿದ್ದರೆ ನಾಲ್ಕು ಮನೆಯವರು ಕೂಡಿ ಪಂಚಾಯತಿಗೆ ಅರ್ಜಿ ಕೊಡಲಿ. ಆ ಕೆರೆಯ ನೀರು ಮಾಂಸ ತಿನ್ನುವವನ ಬಾವಿಗೂ ತಿನ್ನದವನ ಬಾವಿಗೂ ಇಳಿಯುವಂಥದು.