ಸೊರಗಿದ ಸಸಿಗೆ ಪ್ರಥಮ ಚಿಕಿತ್ಸೆ

ಬೆಳೆಯುವ ಸಿರಿ ಮೊಳಕೆಯಲ್ಲಿ ಅಂತ ಗಾದೆ ಇದೆ. ಟೊಮ್ಯಾಟೊ ಸಸಿ ಟ್ರೇಯಲ್ಲಿ ಇರುವುದು ಹೆಚ್ಚು ಕಡಿಮೆ 25 ದಿನ, ಮೆಣಸಿನಕಾಯಿ ಆದರೆ 35ರಿಂದ 40 ದಿನ. ಇಷ್ಟು ದಿನದಲ್ಲಿ ಕೆಟ್ಟ ಸಸಿಗೆ ಆಮೇಲೆ ಎಷ್ಟು ಗೊಬ್ಬರ ಸುರಿದರೂ ಸಾಲದು.

ಬೈರಮಂಗಲದ ಕಡೆಯವರಿಗೆ ಇದು ಇನ್ನೂ ಕಷ್ಟ. ಬೆಂಗಳೂರಿನ ಕೊಳಚೆ, ಕಾರ್ಖಾನೆಗಳ ತ್ಯಾಜ್ಯ ಎಲ್ಲವನ್ನೂ ಹೊತ್ತು ತರುವ ವೃಷಭಾವತಿ ನಮ್ಮ ಕೆರೆಗೇ ಬಂದು ಸೇರುತ್ತೆ. ಕೆರೆಯ ನೊರೆ ನೋಡದವರು ಇಲ್ಲಿ ಯಾರೂ ಇಲ್ಲ. ಬಲಿತ ಗಿಡ, ಹುಲ್ಲು ಈ ನೀರನ್ನು ಹೇಗೋ ತಡೆದುಕೊಳ್ಳಬಹುದು. ಎರಡೆಲೆಯ ಸಸಿ ತಡೆಯಲ್ಲ. ಅದಕ್ಕೇ ಕೆಲವರು ನರ್ಸರಿಯಿಂದ ಸಸಿ ಕೊಳ್ಳುತ್ತಾರೆ, ಕೆಲವರು ಮನೆಯೊಳಗೇ ಟ್ರೇ ಇಟ್ಟು ಬೆಳೆಸಲು ನೋಡುತ್ತಾರೆ. ಈ ಎರಡನೆಯವರು ನಮ್ಮನ್ನು ಪದೇ ಪದೇ ಕೇಳುವ ಪ್ರಶ್ನೆ ಒಂದೇ: "ಸಸಿ ಸಾಯ್ತಾ ಇದೆ, ಏನ್ ಮಾಡೋದು?" ಉತ್ತರವನ್ನು ಒಂದೇ ಕಡೆ ಬರೆದಿಡೋಣ ಅಂತ ಈ ಲೇಖನ.

ಮೊದಲು ನೋಡಿ, ಆಮೇಲೆ ಮುಟ್ಟಿ

ಸಸಿ ಬಾಡಿತು ಅಂದ ತಕ್ಷಣ ಹೊಸಬರು ನೀರು, ಗೊಬ್ಬರ, ಔಷಧಿ ಮೂರನ್ನೂ ಒಂದೇ ದಿನ ಹಾಕಿಬಿಡುತ್ತಾರೆ. ಪ್ರೋಗ್ರಾಂನಲ್ಲಿ ಬಗ್ ಹುಡುಕುವಾಗ ಹತ್ತು ಸಾಲು ಒಟ್ಟಿಗೆ ಬದಲಾಯಿಸ್ತೀವಾ? ಇಲ್ಲೂ ಹಾಗೇ. ಒಂದು ಬದಲಾವಣೆ ಮಾಡಿ, ಎರಡು ದಿನ ಕಾಯಿರಿ.

98 ಗುಳಿಯ ಟ್ರೇಯನ್ನು ಮೇಲಿನಿಂದ ನೋಡಿ. ಇಡೀ ಟ್ರೇ ಒಂದೇ ಥರ ಸೊರಗಿದ್ದರೆ ತಪ್ಪು ಬೆಳಕು, ನೀರು ಅಥವಾ ಗೊಬ್ಬರದಲ್ಲಿರುವ ಸಾಧ್ಯತೆ ಹೆಚ್ಚು. ಒಂದು ಮೂಲೆಯಲ್ಲಿ ಶುರುವಾಗಿ ಪಕ್ಕಕ್ಕೆ ಹರಡುತ್ತಿದ್ದರೆ ಅದು ರೋಗ.

ಉದ್ದುದ್ದ ಬೆಳೆದು ಬಾಗಿದರೆ: ಬೆಳಕಿನ ಕೊರತೆ

ಬಯಲಲ್ಲಿ ಮಧ್ಯಾಹ್ನದ ಬಿಸಿಲು ಸುಮಾರು 1 ಲಕ್ಷ ಲಕ್ಸ್. ಮನೆಯ ನಡುವೆ ಕೆಲವು ನೂರು ಲಕ್ಸ್ ಸಿಕ್ಕಿದರೆ ಹೆಚ್ಚು. ನಮ್ಮ ಕಣ್ಣು ಹೊಂದಿಕೊಂಡುಬಿಡುತ್ತೆ, ಹಾಗಾಗಿ "ಬೆಳಕು ಚೆನ್ನಾಗಿದೆಯಲ್ಲ" ಅನ್ನಿಸುತ್ತೆ. ಗಿಡಕ್ಕೆ ಆ ಮೋಸ ನಡೆಯಲ್ಲ. ಬೆಳಕು ಹುಡುಕಿಕೊಂಡು ಕಾಂಡವನ್ನು ನೂಲಿನ ಹಾಗೆ ಎಳೆಯುತ್ತೆ.

ಇದಕ್ಕೆ 20 ವ್ಯಾಟ್‌ನ ಎರಡು ಸಾಮಾನ್ಯ ಬಿಳಿ ಎಲ್‌ಇಡಿ ಟ್ಯೂಬ್ ಸಾಕು, ದುಬಾರಿ ನೇರಳೆ ದೀಪ ಬೇಕಿಲ್ಲ. ನಾಲ್ಕು ಅಡಿಯ ಟ್ಯೂಬ್ ಕೆಳಗೆ ಎರಡು ಟ್ರೇ ಉದ್ದಕ್ಕೆ ಹಿಡಿಯುತ್ತವೆ. ಸಸಿಯ ತುದಿಯಿಂದ ಸುಮಾರು 15 ಸೆಂ.ಮೀ. ಎತ್ತರಕ್ಕೆ ಟ್ಯೂಬ್ ಇಳಿಸಿ, ದಿನಕ್ಕೆ 16 ಗಂಟೆ ಉರಿಸಿ. ಉದ್ದ ಟ್ಯೂಬಿನ ಹತ್ತಿರದಲ್ಲಿ ದೂರ ಎರಡು ಪಟ್ಟಾದರೆ ಬೆಳಕು ಸುಮಾರು ಅರ್ಧಕ್ಕೆ ಇಳಿಯುತ್ತೆ, ಹಾಗಾಗಿ ಚಾವಣಿಯ ಟ್ಯೂಬ್ ಲೆಕ್ಕಕ್ಕಿಲ್ಲ. ಖರ್ಚು? 40 ವ್ಯಾಟ್, 16 ಗಂಟೆ ಅಂದರೆ ದಿನಕ್ಕೆ 0.64 ಯೂನಿಟ್. 25 ದಿನಕ್ಕೆ 16 ಯೂನಿಟ್.

ಈಗಾಗಲೇ ಉದ್ದವಾದ ಟೊಮ್ಯಾಟೊ ಸಸಿಯನ್ನು ಎಸೆಯಬೇಡಿ. ದೊಡ್ಡ ಲೋಟಕ್ಕೆ ಬದಲಾಯಿಸುವಾಗ ಬೀಜದೆಲೆಯ ಹತ್ತಿರದವರೆಗೂ ಕಾಂಡ ಹೂಳಿ. ಹೂತ ಕಾಂಡದಿಂದ ಹೊಸ ಬೇರು ಬರುತ್ತೆ. ಮೆಣಸಿನಕಾಯಿಗೆ ಈ ಗುಣ ಕಡಿಮೆ, ಅದಕ್ಕೆ ಒಂದು ಕಡ್ಡಿಯ ಆಸರೆ ಕೊಟ್ಟು ಬೆಳಕು ಹೆಚ್ಚಿಸಿ. ಎರಡಕ್ಕೂ ಸಣ್ಣ ಫ್ಯಾನಿನ ಮೆಲುಗಾಳಿ ಒಳ್ಳೆಯದು, ಅಲುಗಾಡಿದ ಕಾಂಡ ಗಟ್ಟಿಯಾಗುತ್ತೆ.

ಮಣ್ಣು ಒದ್ದೆ, ಎಲೆ ಬಾಡಿದೆ: ನೀರು ಜಾಸ್ತಿ

ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಕೊಕೊಪೀಟ್ ಸದಾ ಒದ್ದೆ ಇದ್ದರೆ ಬೇರು ಉಸಿರುಗಟ್ಟಿ, ನೀರಲ್ಲೇ ನಿಂತಿದ್ದರೂ ಗಿಡ ಬಾಡುತ್ತೆ. ಅದನ್ನು ನೋಡಿ ಇನ್ನಷ್ಟು ನೀರು ಹಾಕಿದರೆ ಕಥೆ ಮುಗೀತು. ನೀರುಂಡ ಟ್ರೇ ಎತ್ತಿ ನೋಡಿ, ಆ ಭಾರ ಕೈಗೆ ಗೊತ್ತಿರಲಿ. ಟ್ರೇ ಹಗುರ ಆದಾಗ ಮಾತ್ರ ನೀರು ಕೊಡಿ, ಅದೂ ಬೆಳಗ್ಗೆ. ಕೆಳಗಿನ ತಟ್ಟೆಯಲ್ಲಿ ನಿಂತ ನೀರು ಚೆಲ್ಲಿಬಿಡಿ.

ಬುಡ ತೆಳ್ಳಗಾಗಿ ಮಲಗಿದರೆ: ಬುಡ ಕೊಳೆ

ಸಂಜೆ ನೆಟ್ಟಗಿದ್ದ ಸಸಿ ಬೆಳಗ್ಗೆ ಬುಡದಲ್ಲಿ ನೀರು ಕುಡಿದ ಹಾಗಾಗಿ ಮಲಗಿದ್ದರೆ ಅದು ಪಿಥಿಯಂ, ರೈಜೊಕ್ಟೋನಿಯಾದಂಥ ಸೂಕ್ಷ್ಮಜೀವಿಗಳ ಕೆಲಸ. ಮಲಗಿದ ಸಸಿ ಮತ್ತೆ ಏಳಲ್ಲ, ನಾವು ಉಳಿಸೋದು ಪಕ್ಕದವನ್ನು. ಸತ್ತವನ್ನು ಆ ಗುಳಿಯ ಕೊಕೊಪೀಟ್ ಸಮೇತ ತೆಗೆದು ದೂರ ಹಾಕಿ. ನೀರು ನಿಲ್ಲಿಸಿ, ಗಾಳಿ ಆಡಿಸಿ. ಹರಡುವುದು ನಿಲ್ಲದಿದ್ದರೆ ಲೀಟರಿಗೆ 3 ಗ್ರಾಂ ತಾಮ್ರದ ಆಕ್ಸಿಕ್ಲೋರೈಡ್ ಬೆರೆಸಿ ಬುಡಕ್ಕೆ ಸುರಿಯಿರಿ, ಕೈಗವಸು ಮರೀಬೇಡಿ.

ಮುಂದಿನ ಸಲಕ್ಕೆ ಬಿತ್ತುವ ಮೊದಲೇ ಟ್ರೈಕೋಡರ್ಮಾದಿಂದ ಬೀಜೋಪಚಾರ ಮಾಡಿ. ಅದೂ ಒಂದು ಶಿಲೀಂಧ್ರವೇ, ಆದರೆ ನಮ್ಮ ಪಕ್ಷದ್ದು. ಆದ್ದರಿಂದ ಅದನ್ನೂ ತಾಮ್ರದ ಔಷಧಿಯನ್ನೂ ಒಟ್ಟಿಗೆ ಹಾಕಬೇಡಿ. ಹಳೆಯ ಟ್ರೇಯನ್ನು ತೊಳೆದು ಬಿಸಿಲಲ್ಲಿ ಒಣಗಿಸಿದ ಮೇಲೆಯೇ ಬಳಸಿ.

ಎಲೆಯ ಅಂಚು ಸುಟ್ಟರೆ: ಉಪ್ಪು

ನಮ್ಮೂರಿನವರು ಮೊದಲು ಅನುಮಾನಿಸಬೇಕಾದ್ದು ಇದನ್ನು. ಉಪ್ಪು ಎರಡು ದಾರಿಯಲ್ಲಿ ಬರುತ್ತೆ. ಒಂದು, ತೊಳೆಯದ ಅಗ್ಗದ ಕೊಕೊಪೀಟ್. ಎರಡು, ನೀರು. ಎಫ್‌ಎಒ ಮಾರ್ಗಸೂಚಿಯ ಪ್ರಕಾರ ನೀರಾವರಿ ನೀರಿನ ಟಿಡಿಎಸ್ ಲೀಟರಿಗೆ 450 ಮಿ.ಗ್ರಾಂ ಒಳಗಿದ್ದರೆ ಚಿಂತೆಯಿಲ್ಲ, 2000 ದಾಟಿದರೆ ತೀವ್ರ ತೊಂದರೆ. ಜೇಬಲ್ಲಿ ಹಿಡಿಯುವ ಟಿಡಿಎಸ್ ಮೀಟರ್ ಇದನ್ನು ಕ್ಷಣದಲ್ಲಿ ತೋರಿಸುತ್ತೆ. ಆದರೆ ಒಂದು ಎಚ್ಚರಿಕೆ: ಮೀಟರ್ ಕಾಣುವುದು ಕರಗಿದ ಲವಣಗಳ ಒಟ್ಟು ಮೊತ್ತವನ್ನು ಮಾತ್ರ. ಭಾರಲೋಹ ಎಷ್ಟಿದೆ, ರೋಗಾಣು ಇದೆಯಾ ಅಂತ ಅದು ಹೇಳಲ್ಲ. ಕಡಿಮೆ ಅಂಕಿ ಬಂತು ಅಂತ ಕೆರೆ ನೀರು ಶುದ್ಧ ಅಂದುಕೊಳ್ಳಬೇಡಿ.

ಚಿಕಿತ್ಸೆ ಸುಲಭ. ಮಳೆ ನೀರಿನಿಂದ ಟ್ರೇಯನ್ನು ಎರಡು ಮೂರು ಸಲ ತೊಳೆದು, ಪೂರ್ತಿ ಬಸಿಯಲು ಬಿಡಿ. ಮಳೆ ನೀರು ಎಲ್ಲಿಂದ ಅಂತೀರಾ? 10 ಚದರ ಮೀಟರ್ ಸೂರಿನ ಮೇಲೆ 10 ಮಿ.ಮೀ. ಮಳೆ ಬಿದ್ದರೆ 100 ಲೀಟರ್. ಒಂದು ಟ್ರೇಗೆ ದಿನಕ್ಕೆ ಒಂದು ಲೀಟರ್ ಅಂತ ಇಟ್ಟುಕೊಂಡರೂ 25 ದಿನಕ್ಕೆ ಬೇಕಾದ್ದು 25 ಲೀಟರ್. ಮೊದಲ ಮಳೆಯ ಕೊಳೆ ಹರಿದುಹೋಗಲಿ, ಆಮೇಲಿನದನ್ನು ಮುಚ್ಚಿದ ಡ್ರಮ್ಮಿನಲ್ಲಿ ಹಿಡಿಯಿರಿ.

ಹಳದಿಯಾದರೆ: ಯಾವ ಎಲೆ ನೋಡಿ

ಕೆಳಗಿನ ಎಲೆ ಮೊದಲು ಹಳದಿಯಾದರೆ ಸಾರಜನಕದ ಹಸಿವು, ಗಿಡ ಹಳೆಯ ಎಲೆಯಿಂದ ಕಿತ್ತು ಹೊಸದಕ್ಕೆ ಉಣಿಸುತ್ತಿದೆ. ಕೊಕೊಪೀಟ್‌ನಲ್ಲಿ ಆಹಾರ ಹೆಚ್ಚೇನೂ ಇರಲ್ಲ. ನಿಜವಾದ ಎಲೆ ಎರಡು ಬಂದ ಮೇಲೆ 19:19:19 ಗೊಬ್ಬರವನ್ನು ಲೀಟರಿಗೆ ಅರ್ಧದಿಂದ ಒಂದು ಗ್ರಾಂನಂತೆ ಕೊಡಿ. ಹೊಸ ಎಲೆ ಹಳದಿ, ನರ ಮಾತ್ರ ಹಸಿರು ಆಗಿದ್ದರೆ ಕಬ್ಬಿಣ ಸಿಗ್ತಿಲ್ಲ ಅಂತ. ಗಡಸು ಬೋರ್‌ವೆಲ್ ನೀರು ಪಿಎಚ್ ಏರಿಸಿದಾಗ ಹೀಗಾಗುತ್ತೆ. ಇಲ್ಲೂ ಮಳೆ ನೀರೇ ಮದ್ದು.

ಯಾವಾಗ ಕೈಬಿಡಬೇಕು?

ಎಲ್ಲ ಸಸಿಯನ್ನೂ ಉಳಿಸುವ ಹಟ ಬೇಡ. ಬಿತ್ತಿ ಹತ್ತು ದಿನದೊಳಗೆ ಅರ್ಧ ಟ್ರೇ ಹೋದರೆ ಹೊಸದಾಗಿ ಬಿತ್ತುವುದೇ ಲಾಭ. ಎಲೆ ಮುರುಟಿ, ಚಿಕ್ಕದಾಗಿ, ಮೇಲಕ್ಕೆ ಸುರುಳಿಯಾದರೆ ಬಿಳಿನೊಣ ತಂದ ಎಲೆ ಮುರುಟು ನಂಜು ಇರಬಹುದು. ಇದಕ್ಕೆ ಔಷಧಿ ಇಲ್ಲ, ಕಿತ್ತು ಹಾಕಿ. ಒಂದು ರೋಗದ ಸಸಿ ಹೊಲಕ್ಕೆ ಹೋದರೆ ಅಲ್ಲಿಂದ ಪಕ್ಕದವರ ಹೊಲಕ್ಕೂ ಹೋಗುತ್ತೆ.

ಉಳಿದವನ್ನು ನಾಟಿಗೆ ಒಂದು ವಾರ ಮೊದಲೇ ಹೊರಗಿನ ಬಿಸಿಲಿಗೆ ಪಳಗಿಸಿ: ಮೊದಲ ದಿನ ಒಂದು ಗಂಟೆ, ಆಮೇಲೆ ದಿನಾ ಸ್ವಲ್ಪ ಸ್ವಲ್ಪ ಹೆಚ್ಚು. ನೀರನ್ನೂ ತುಸು ಕಡಿಮೆ ಮಾಡಿ. ಕೋಣೆಯಲ್ಲಿ ಬೆಳೆದ ಎಲೆಯನ್ನು ನೇರ ಬೈರಮಂಗಲದ ಬಿಸಿಲಿಗೆ ಇಟ್ಟರೆ ಒಂದೇ ಮಧ್ಯಾಹ್ನಕ್ಕೆ ಬೆಳ್ಳಗಾಗಿಬಿಡುತ್ತೆ. ನಾಟಿ ಮಾತ್ರ ಸಂಜೆ ಹೊತ್ತಿಗೆ ಇಟ್ಟುಕೊಳ್ಳಿ.